ಕಲಬುರಗಿಯ ಬಯಲಿನಲ್ಲಿ ಕುಳಿತು ಆರು ಸಾವಿರ ಮೀಟರ್ ಶಿಖರಕ್ಕೆ ತಯಾರಾಗುವುದು ಹೇಗೆ?

ಬಿಸಿಲೂರಿನವ | ಏಪ್ರಿಲ್ 9, ಮಧ್ಯಾಹ್ನ 3:12

ಎಲ್ಲರಿಗೂ ನಮಸ್ಕಾರ. ಊರು ಕಲಬುರಗಿ, ವಯಸ್ಸು 36, ಸರ್ಕಾರಿ ಕಚೇರಿಯಲ್ಲಿ ಕುರ್ಚಿಗೆ ಅಂಟಿಕೊಂಡ ಕೆಲಸ. ಬೇಸಿಗೆಯ ವೇಳೆ ಜಾರಿಯಾಗಿರುವುದರಿಂದ ಎಂಟಕ್ಕೆ ಹೋಗಿ ಒಂದೂವರೆಗೆ ಬಿಡುಗಡೆ. ಈಗ ಕೂಲರ್ ಮುಂದೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹೊರಗೆ 42 ಡಿಗ್ರಿ.

ಆಗಸ್ಟ್‌ನಲ್ಲಿ ಲಡಾಖ್‌ನ ಕಾಂಗ್ ಯಾತ್ಸೆ-2 ಶಿಖರ ಏರಲು ಒಂದು ತಂಡಕ್ಕೆ ಮುಂಗಡ ಕಟ್ಟಿಬಿಟ್ಟಿದ್ದೇನೆ. ಎತ್ತರ 6,250 ಮೀಟರ್ ಆಸುಪಾಸು. ಮಾರ್ಗದರ್ಶಕರು ಇರುತ್ತಾರೆ, ಹಗ್ಗ ಇರುತ್ತದೆ, ಹಿಮದ ಮೇಲೆ ನಡೆಯುವುದನ್ನು ಅಲ್ಲಿಯೇ ಕಲಿಸುತ್ತಾರಂತೆ. ನನ್ನ ಈವರೆಗಿನ ಪರಾಕ್ರಮ ಇಷ್ಟು: ಕುಮಾರ ಪರ್ವತ ಎರಡು ಸಲ, ಉತ್ತರಾಖಂಡದ ಕೇದಾರಕಾಂತ ಒಂದು ಸಲ. ಅದು 3,800 ಮೀಟರ್.

ನಮ್ಮೂರು ಸಮುದ್ರಮಟ್ಟದಿಂದ 450 ಮೀಟರ್ ಎತ್ತರದಲ್ಲಿದೆ. ಸುತ್ತ ಎತ್ತ ನೋಡಿದರೂ ತೊಗರಿ ಹೊಲ. ಹತ್ತುವುದಕ್ಕೆ ಇರುವುದು ಅಪಾರ್ಟ್‌ಮೆಂಟಿನ ನಾಲ್ಕು ಮಹಡಿ ಮಾತ್ರ. ನಾಲ್ಕು ತಿಂಗಳಲ್ಲಿ ಏನು ಮಾಡಬೇಕು? ಏನು ಕೊಳ್ಳಬೇಕು, ಏನು ಬಾಡಿಗೆಗೆ ಸಿಗುತ್ತದೆ? ಹೋಗಿ ಬಂದವರು ಹೇಳಿ. ಅಂದಹಾಗೆ, ಮನೆಯಲ್ಲಿ "ಲೇಹ್ ಪ್ರವಾಸ" ಎಂದಷ್ಟೇ ಹೇಳಿದ್ದೇನೆ.

ಖಡಕ್ ರೊಟ್ಟಿ | 3:20

ಮೊದಲು ಮನೆಯಲ್ಲಿ ಹೇಳುವ ತಯಾರಿ ಮಾಡಿಕೊಳ್ಳಿ. ಅದು ಆರು ಸಾವಿರಕ್ಕಿಂತ ಕಡಿದು.

ಕೋಟೆ ಮೆಟ್ಟಿಲು | 3:41

ಬಯಲು ಬಯಲು ಎಂದು ಅಳುವವರೆಲ್ಲ ಯಾದಗಿರಿಗೆ ಬನ್ನಿ. ಊರಿಗೆ ಅಂಟಿಕೊಂಡೇ ಬೆಟ್ಟ, ಬೆಟ್ಟದ ಮೇಲೆ ಕೋಟೆ. ಶನಿವಾರ ರಾತ್ರಿ ರೈಲು ಹಿಡಿದು ಬಂದು, ಭಾನುವಾರ ನಸುಕಿನಲ್ಲಿ ಐದಕ್ಕೆ ಶುರು ಮಾಡಿದರೆ ಏಳೂವರೆಯೊಳಗೆ ನಾಲ್ಕೈದು ಸಲ ಹತ್ತಿ ಇಳಿಯಬಹುದು. ಎಂಟರ ಮೇಲೆ ಬೇಡ, ಆ ಬಂಡೆ ರೊಟ್ಟಿಯ ಹಂಚಿನಂತೆ ಕಾಯುತ್ತದೆ. ಬೆನ್ನಿಗೆ ಚೀಲ ಹಾಕಿಕೊಂಡು ಒಂದೇ ದಾರಿಯಲ್ಲಿ ಮೇಲೆ ಕೆಳಗೆ ಓಡಾಡುವವನನ್ನು ಕಂಡು ಜನ ಹರಕೆ ಎಂದುಕೊಳ್ಳುತ್ತಾರೆ. ನನ್ನನ್ನು ಒಬ್ಬ ಅಜ್ಜಿ ನಿಲ್ಲಿಸಿ "ಯಾವ ದೇವರಿಗಪ್ಪಾ?" ಎಂದು ಕೇಳಿದ್ದರು.

ತೊಗರಿ ಕಣಜ | 4:05

44 ಡಿಗ್ರಿಯಲ್ಲಿ ಬದುಕುವವರು ನಾವು. ಬೆಂಗಳೂರಿನವರಂತೆ ಮೆತ್ತಗಿನ ಜನ ಅಲ್ಲ. ಮಧ್ಯಾಹ್ನ ಎರಡಕ್ಕೆ ಅಪ್ಪನ ಕೆರೆಯ ಸುತ್ತ ಓಡಿ. ಆ ಬಿಸಿಲು ತಡೆದುಕೊಂಡವನಿಗೆ ಯಾವ ಹಿಮಾಲಯವೂ ಲೆಕ್ಕಕ್ಕಿಲ್ಲ.

ಗುಳಿಗೆ ಡಬ್ಬಿ | 4:31

ದಯವಿಟ್ಟು ಯಾರೂ ಹಾಗೆ ಓಡಬೇಡಿ. ಏಪ್ರಿಲ್ ಮಧ್ಯಾಹ್ನ ಓಡಿದರೆ ಹಿಮಾಲಯದ ಬದಲು ತುರ್ತು ಚಿಕಿತ್ಸಾ ವಾರ್ಡ್ ನೋಡುತ್ತೀರಿ. ವೃತ್ತಿಯಿಂದ ವೈದ್ಯೆ, ಪ್ರತಿ ಬೇಸಿಗೆ ನೋಡಿಯೇ ಹೇಳುತ್ತಿದ್ದೇನೆ.

ಸೆಕೆ ಬೇರೆ, ಎತ್ತರ ಬೇರೆ. 5,500 ಮೀಟರ್‌ನಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ನಮ್ಮೂರಿನಷ್ಟೇ, ಶೇಕಡಾ 21. ಆದರೆ ಅಲ್ಲಿ ಗಾಳಿಯ ಒತ್ತಡವೇ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಒಂದು ಉಸಿರಿಗೆ ದಕ್ಕುವುದು ಅರ್ಧ. ಇದಕ್ಕೆ ದೇಹ ಒಗ್ಗುವುದು ಎತ್ತರದಲ್ಲಿ ಕಳೆದ ರಾತ್ರಿಗಳಿಂದಲೇ ಹೊರತು ಓಟದಿಂದ ಅಲ್ಲ. ಮ್ಯಾರಥಾನ್ ಓಡುವವನಿಗೂ ಎತ್ತರದ ಕಾಯಿಲೆ ಬರುತ್ತದೆ. ಎಷ್ಟೋ ಸಲ ಅವನಿಗೇ ಮೊದಲು, ಏಕೆಂದರೆ ಅವನು ಬೇಗ ಬೇಗ ಹತ್ತಿಬಿಡುತ್ತಾನೆ.

ತೊಗರಿ ಕಣಜ | 4:38

ಸರಿ, ಸಂಜೆ ಓಡಲಿ ಬಿಡಿ. ಆದರೆ ಬೆಂಗಳೂರಿನವರು ಮೆತ್ತಗೆ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಮಂಜುಗತ್ತಿ | ರಾತ್ರಿ 9:15

ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಪ್ರಾಥಮಿಕ ತರಬೇತಿ ಮುಗಿಸಿದ್ದೇನೆ, ಆಮೇಲೆ ಎರಡು ಶಿಖರ ಏರಿದ್ದೇನೆ, ಒಂದರಿಂದ ಹಿಂದಿರುಗಿದ್ದೇನೆ. ಆ ಒಂದರ ಬಗ್ಗೆ ಆಮೇಲೆ.

ಮೊದಲು ಕಹಿ ಮಾತು. ಕೇದಾರಕಾಂತದಿಂದ ನೇರ ಕಾಂಗ್ ಯಾತ್ಸೆಗೆ ಹಾರುವುದು ದೊಡ್ಡ ಜಿಗಿತ. ಲಡಾಖ್‌ನದೇ ಸ್ಟೋಕ್ ಕಾಂಗ್ರಿ ಶಿಖರವನ್ನು 2020ರಲ್ಲಿ ಮುಚ್ಚಿದ ಮೇಲೆ "ಮೊದಲ ಆರು ಸಾವಿರ" ಎಂದು ಎಲ್ಲರನ್ನೂ ಇತ್ತ ಕಳುಹಿಸುತ್ತಿದ್ದಾರೆ. ಸುಲಭ ಎಂಬ ಹೆಸರು ಹೀಗೆ ಅಂಟಿಕೊಂಡಿದೆ. ಕೊನೆಯ ರಾತ್ರಿ ಕಡಿದಾದ ಹಿಮದ ಇಳಿಜಾರಿನಲ್ಲಿ ಗಂಟೆಗಟ್ಟಲೆ ಹತ್ತಬೇಕು, ಅದೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬೂಟಿಗೆ ಕಬ್ಬಿಣದ ಮುಳ್ಳು ಬಿಗಿದುಕೊಂಡು. ನನ್ನನ್ನು ಕೇಳಿದರೆ ಮೊದಲು ಮನಾಲಿ ಬಳಿಯ ಫ್ರೆಂಡ್‌ಶಿಪ್ ಶಿಖರ, 5,289 ಮೀಟರ್. ಮುಂಗಡ ಕಟ್ಟಿದ್ದೀರಿ ಎಂದರೆ ಈ ಮಾತು ನಿಮ್ಮ ಕಿವಿಗೆ ಹೋಗುವುದಿಲ್ಲ ಎಂದೂ ಗೊತ್ತು.

ತರಬೇತಿಗೆ ನಾಲ್ಕು ಮಹಡಿ ಧಾರಾಳ ಸಾಕು. ವಾರಕ್ಕೆ ಎರಡು ದಿನ ಚೀಲ ಹೊತ್ತು ಮೆಟ್ಟಿಲು. ಐದು ಕಿಲೋದಿಂದ ಶುರು ಮಾಡಿ ಜುಲೈ ಹೊತ್ತಿಗೆ ಹದಿನೈದಕ್ಕೆ ತನ್ನಿ. ಇನ್ನೆರಡು ದಿನ ನಿಧಾನ ಓಟ. ಎಷ್ಟು ನಿಧಾನ ಎಂದರೆ ಪಕ್ಕದವನೊಂದಿಗೆ ಮಾತಾಡುತ್ತ ಓಡುವಂತಿರಬೇಕು. ನಮ್ಮ ಹುಡುಗರು ಕೆಡುವುದು ಇಲ್ಲಿಯೇ, ದಿನವೂ ಜೀವ ಬಿಟ್ಟು ಓಡಿ ಮೂರನೇ ವಾರಕ್ಕೆ ಮಂಡಿ ಹಿಡಿದು ಕೂರುತ್ತಾರೆ. ವಾರಕ್ಕೊಮ್ಮೆ ಐದಾರು ಗಂಟೆ ನಡಿಗೆ. ಶಿಖರದ ದಿನ ಹನ್ನೆರಡು ಗಂಟೆ ಕಾಲ ಮೇಲಿರುತ್ತೀರಿ, ಅದಕ್ಕೆ ಅರ್ಧ ಗಂಟೆಯ ಓಟ ಏನೂ ಅಲ್ಲ. ಇಳಿಯುವುದನ್ನೂ ಅಭ್ಯಾಸ ಮಾಡಿ. ತೊಡೆ ನಡುಗುವುದು ಇಳಿಯುವಾಗ.

ಸೇಡಂ ಕಲ್ಲು | 9:40

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ.

ಖಡಕ್ ರೊಟ್ಟಿ | 9:42

ಈ ಗಾದೆಗಾಗಿ ಮಧ್ಯಾಹ್ನದಿಂದ ಕಾಯುತ್ತಿದ್ದೆ. ಏಳನೆಯ ಉತ್ತರದವರೆಗೆ ತಡೆದದ್ದೇ ದೊಡ್ಡದು.

ನಿವೃತ್ತ ಮೇಷ್ಟ್ರು | ಏಪ್ರಿಲ್ 10, ಬೆಳಿಗ್ಗೆ 6:02

ನಾನು ಅಮರನಾಥಕ್ಕೆ ಎರಡು ಸಲ ಹೋಗಿ ಬಂದವನು. ಗುಹೆಯೇ 3,888 ಮೀಟರ್ ಎತ್ತರದಲ್ಲಿದೆ, ದಾರಿಯಲ್ಲಿ ದಾಟುವ ಕಣಿವೆಮಾರ್ಗ ಇನ್ನೂ ಎತ್ತರ. ಯಾವ ಓಟವೂ ಓಡಿರಲಿಲ್ಲ. ಕರವಸ್ತ್ರದಲ್ಲಿ ಕರ್ಪೂರದ ಗಂಟು ಕಟ್ಟಿಕೊಂಡು ಮೂಸುತ್ತ ಹೋದೆ, ಏನೂ ಆಗಲಿಲ್ಲ. ಬೆಳ್ಳುಳ್ಳಿಯ ಎಸಳೂ ಒಳ್ಳೆಯದು. ಈಗಿನವರು ಎಲ್ಲಕ್ಕೂ ಗುಳಿಗೆ ಎನ್ನುತ್ತೀರಿ.

ಗುಳಿಗೆ ಡಬ್ಬಿ | 7:10

ಮೇಷ್ಟ್ರೇ, ಕರ್ಪೂರ ಮೂಗಿಗೆ ತಂಪು ಕೊಡುತ್ತದೆ, ರಕ್ತಕ್ಕೆ ಆಮ್ಲಜನಕ ಕೊಡುವುದಿಲ್ಲ. ತಲೆನೋವು ಇದ್ದವನು ಕರ್ಪೂರ ಮೂಸಿ "ಈಗ ಪರವಾಗಿಲ್ಲ" ಎಂದು ಮೇಲೆ ಹೋಗುತ್ತಾನಲ್ಲ, ಅಪಾಯ ಅದು. ಬೆಳ್ಳುಳ್ಳಿ ತಿನ್ನಿ, ಡೇರೆಯ ಜೊತೆಗಾರರ ಒಪ್ಪಿಗೆ ಕೇಳಿ.

ಪ್ರಶ್ನೆ ಕೇಳಿದವರಿಗೆ: ಈಗಲೇ ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್, ಇಸಿಜಿ ಮಾಡಿಸಿ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಸರಿಮಾಡಿಕೊಳ್ಳಲು ನಾಲ್ಕು ತಿಂಗಳಿದೆ, ಜುಲೈ ಕೊನೆಯಲ್ಲಿ ಗೊತ್ತಾದರೆ ಏನೂ ಮಾಡಲಾಗುವುದಿಲ್ಲ. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಗುಳಿಗೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ. ಸಲ್ಫಾ ಔಷಧಿ ಒಗ್ಗದವರು ಇದನ್ನು ಮೊದಲೇ ತಿಳಿಸಬೇಕು. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಹೆಚ್ಚು, ಸೋಡಾ ಕುಡಿದರೆ ಸಪ್ಪೆ. ಆದ್ದರಿಂದ ಮನೆಯಲ್ಲಿಯೇ ಒಂದೆರಡು ದಿನ ತೆಗೆದುಕೊಂಡು ನೋಡುವುದು ಒಳ್ಳೆಯದು.

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಒಯ್ಯುತ್ತೀರಿ ಎಂದು ಗೊತ್ತು. ಲೇಹ್‌ನಲ್ಲಿ ಅಂಕಿ 90ಕ್ಕಿಂತ ಕೆಳಗೆ ಬಂದರೆ ಗಾಬರಿಯಾಗಿ ಮನೆಗೆ ಫೋನ್ ಮಾಡಬೇಡಿ, ಅಲ್ಲಿ ಅದು ಮಾಮೂಲು. ಬೆರಳು ತಣ್ಣಗಿದ್ದರೆ ಯಂತ್ರ ಸುಳ್ಳನ್ನೂ ಹೇಳುತ್ತದೆ.

ಸೇಡಂ ಕಲ್ಲು | 7:32

ಉಸಿರು ಕಟ್ಟಿಸುವ ಮುಖವಾಡ ಸಿಗುತ್ತದಲ್ಲ, ಅದನ್ನು ಹಾಕಿಕೊಂಡು ಓಡಿದರೆ ಎತ್ತರದ ಅಭ್ಯಾಸ ಆಗುವುದಿಲ್ಲವೇ? ನನ್ನ ತಮ್ಮ ಒಂದು ತರಿಸಿದ್ದಾನೆ.

ಮಂಜುಗತ್ತಿ | 7:50

ಆಗುವುದಿಲ್ಲ. ಉಸಿರೆಳೆಯುವ ಸ್ನಾಯುವಿಗೆ ಸ್ವಲ್ಪ ಕೆಲಸ ಸಿಗುತ್ತದೆ, ಅಷ್ಟೇ. ಒಳಗೆ ಬರುವುದು ಸೇಡಂನ ಗಾಳಿಯೇ.

ಬೀದರ್ ಗಾಳಿ | ಮಧ್ಯಾಹ್ನ 1:25

ಇಲ್ಲಿ ಎಲ್ಲರೂ ಗಂಡಸರಂತೆ ಕಾಣುತ್ತೀರಿ, ಡಾಕ್ಟರಮ್ಮನವರನ್ನು ಬಿಟ್ಟು. ಕಳೆದ ವರ್ಷ ನಾನು ಬೀದರಿನಿಂದ ಹೋಗಿದ್ದೆ, ಇದೇ ಶಿಖರ. ಲೇಹ್‌ನ ಚಾಂಗ್‌ಸ್ಪಾ ರಸ್ತೆಯಲ್ಲಿ ಬಾಡಿಗೆ ಅಂಗಡಿಗಳು ಸಾಲಾಗಿವೆ, ಎಲ್ಲವೂ ಸಿಗುತ್ತದೆ, ನನ್ನ ಪಾದಕ್ಕೆ ಬೂಟು ಮಾತ್ರ ಸಿಗಲಿಲ್ಲ. ಐದನೇ ಸೈಜಿನ ಎರಡು ಪದರದ ಬೂಟಿಗಾಗಿ ಮೂರು ಗಂಟೆ ಅಲೆದೆ. ಕೊನೆಗೆ ಏಳನೆಯದಕ್ಕೆ ಮೂರು ಜೊತೆ ಕಾಲುಚೀಲ ತುರುಕಿ ಹೋದೆ. ಇಳಿಯುವಾಗ ಬೆರಳು ಮುಂದಕ್ಕೆ ಬಡಿದು ಬಡಿದು ಎರಡು ಉಗುರು ಕಪ್ಪಾಗಿ ದೀಪಾವಳಿ ಹೊತ್ತಿಗೆ ಬಿದ್ದವು. ಚಿಕ್ಕ ಪಾದದವರು ಹೊರಡುವ ಮೊದಲೇ ತಂಡದವರಿಗೆ ಅಳತೆ ಕಳುಹಿಸಿ, ಬೂಟಿನ ಫೋಟೋ ತರಿಸಿಕೊಳ್ಳಿ.

ಬೂಟು, ಮುಳ್ಳು, ಮಂಜುಗೊಡಲಿ, ಗರಿ ತುಂಬಿದ ಜಾಕೆಟ್ ಬಾಡಿಗೆಗೆ ಸಾಕು. ಮೈಗಂಟುವ ಒಳ ಉಡುಪು, ಕಾಲುಚೀಲ, ಎರಡು ಜೊತೆ ಕೈಗವಸು, ತಲೆಗೆ ಕಟ್ಟುವ ದೀಪ ಸ್ವಂತದ್ದಿರಲಿ. ಹತ್ತಿ ಬಟ್ಟೆ ಬೇಡ, ಬೆವರಿನಲ್ಲಿ ನೆಂದರೆ ಒಣಗುವುದಿಲ್ಲ. ಕಪ್ಪು ಕನ್ನಡಕ ಮಾತ್ರ ಅಗ್ಗದ್ದು ಬೇಡ, ಹಿಮದ ಮೇಲಿನ ಬೆಳಕಿಗೆ ಅತಿ ಗಾಢ ಗಾಜಿನ ‘ಕೆಟಗರಿ 4’ ಕನ್ನಡಕವೇ ಬೇಕು. ನಮ್ಮ ತಂಡದಲ್ಲಿ ಒಬ್ಬರು ಜಾತ್ರೆಯ ಕನ್ನಡಕದಲ್ಲಿ ಹೋಗಿ ಮರುದಿನವೆಲ್ಲ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಡೇರೆಯಲ್ಲಿ ಮಲಗಿದ್ದರು. ಕಣ್ಣಿಗೆ ಮರಳು ಹಾಕಿ ಉಜ್ಜಿದಂತೆ ಎನ್ನುತ್ತಿದ್ದರು.

ಮೊಬೈಲು, ದೀಪದ ಬ್ಯಾಟರಿ ರಾತ್ರಿ ಮಲಗುಚೀಲದೊಳಗೆ ನಿಮ್ಮ ಜೊತೆಗೇ ಮಲಗಲಿ. ಚಳಿಗೆ ಹೊರಗಿಟ್ಟರೆ ಬೆಳಗಾಗುವುದರೊಳಗೆ ಸತ್ತಿರುತ್ತವೆ.

ಖಡಕ್ ರೊಟ್ಟಿ | 1:40

ಊಟದ ವಿಷಯ ಯಾರೂ ಎತ್ತುತ್ತಿಲ್ಲವಲ್ಲ! ಅಲ್ಲಿ ನಮ್ಮ ತೊಗರಿ ಬೇಳೆ ಒಯ್ದರೆ ಹೇಗೆ? ಜಿಐ ಮಾನ್ಯತೆ ಪಡೆದ ಬೇಳೆ, ಲಡಾಖಿಗಳೂ ರುಚಿ ನೋಡಲಿ.

ಮಂಜುಗತ್ತಿ | 2:02

ಕುಕ್ಕರ್ ಇಲ್ಲದಿದ್ದರೆ ಬೇಯುವುದೇ ಇಲ್ಲ. ಮುನ್ನೂರು ಮೀಟರ್ ಏರಿದಂತೆಲ್ಲ ನೀರು ಕುದಿಯುವ ಉಷ್ಣತೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 4,500 ಮೀಟರ್‌ನಲ್ಲಿ ನೀರು 85 ಡಿಗ್ರಿಗೇ ಕೊತಕೊತ ಕುದಿಯುತ್ತದೆ, ಬೇಳೆ ಕಲ್ಲಿನಂತೆ ತಳದಲ್ಲಿ ಕೂತಿರುತ್ತದೆ.

ತೊಗರಿ ಕಣಜ | 2:06

ನಮ್ಮ ಬೇಳೆಗೆ ಅವಮಾನ.

ಬೀದರ್ ಗಾಳಿ | 2:15

ಖಡಕ್ ರೊಟ್ಟಿ ಒಯ್ಯಿರಿ, ನಿಜವಾಗಿ ಹೇಳುತ್ತಿದ್ದೇನೆ. ಎತ್ತರದಲ್ಲಿ ಹಸಿವು ಸತ್ತುಹೋಗುತ್ತದೆ, ಅಡುಗೆಯವರು ಮಾಡಿದ ನೂಡಲ್ಸ್ ಕಂಡರೆ ಹೊಟ್ಟೆ ತೊಳಸುತ್ತದೆ. ಆಗ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿಯ ಚೂರು ಬಾಯಿಗೆ ಇಳಿಯಿತು. ಬೇಸ್ ಕ್ಯಾಂಪ್‌ನಲ್ಲಿ ನನ್ನ ಡಬ್ಬಿಗೆ ಪುಣೆಯವರು, ದೆಹಲಿಯವರು ಸರದಿ ನಿಂತಿದ್ದರು. ಅಂದಹಾಗೆ ರೊಟ್ಟಿ ಬೀದರಿನದು, ಕಲಬುರಗಿಯ ದಪ್ಪ ರೊಟ್ಟಿ ಅಲ್ಲ.

ತೊಗರಿ ಕಣಜ | 2:18

ದಪ್ಪ ರೊಟ್ಟಿಯೇ? ಯಾರ ಮನೆಯಲ್ಲಿ ಉಂಡಿರಿ ತಾಯಿ?

(ರೊಟ್ಟಿಯ ಜಗಳದ ಹದಿನಾಲ್ಕು ಉತ್ತರಗಳನ್ನು ಬೇರೆ ಎಳೆಗೆ ಸಾಗಿಸಲಾಗಿದೆ. — ನಿರ್ವಾಹಕ)

ಬಿಸಿಲೂರಿನವ | ಏಪ್ರಿಲ್ 10, ರಾತ್ರಿ 8:30

ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡಿದ್ದೇನೆ, ರೊಟ್ಟಿಯ ಜಗಳ ಸೇರಿ. ಇನ್ನೊಂದು ಗೊಂದಲ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ ತಲುಪುತ್ತೇನೆ. ಅಲ್ಲಿಂದ ಲೇಹ್‌ಗೆ ವಿಮಾನವೋ, ಮನಾಲಿಯಿಂದ ರಸ್ತೆಯೋ? ರಸ್ತೆಯಲ್ಲಿ ಹೋದರೆ ಮೈ ನಿಧಾನ ಒಗ್ಗುತ್ತದೆ ಎಂದು ಕಚೇರಿಯಲ್ಲಿ ಒಬ್ಬರು ಹೇಳಿದರು.

ಕೋಟೆ ಮೆಟ್ಟಿಲು | 8:44

ರಸ್ತೆಯೇ ಸರಿ. ವಿಮಾನದಲ್ಲಿ ಒಂದೂವರೆ ಗಂಟೆಗೆ ಏಕಾಏಕಿ 3,500 ಮೀಟರ್.

ಮಂಜುಗತ್ತಿ | 9:01

ಯಾವ ರಸ್ತೆ ಎಂಬುದನ್ನು ನೋಡಿ ಹೇಳಿ. ಮನಾಲಿ ದಾರಿಯಲ್ಲಿ ಬಹಳ ಜನ ರಾತ್ರಿ ಮಲಗುವುದು ಸರ್ಚುವಿನಲ್ಲಿ, ಅದು ಸುಮಾರು 4,290 ಮೀಟರ್. ಅಂದರೆ ಮೊದಲ ರಾತ್ರಿಯೇ ಲೇಹ್‌ಗಿಂತ ಎಂಟುನೂರು ಮೀಟರ್ ಮೇಲೆ ಮಲಗಿ, ಆಮೇಲೆ ಲೇಹ್‌ಗೆ ಇಳಿಯುತ್ತೀರಿ. ಸರ್ಚುವಿನಲ್ಲಿ ರಾತ್ರಿಯಿಡೀ ವಾಂತಿ ಮಾಡಿಕೊಂಡವರನ್ನು ನಾನೇ ನೋಡಿದ್ದೇನೆ. ಶ್ರೀನಗರದ ದಾರಿ ಮೆತ್ತಗಿನದು. ಕಾರ್ಗಿಲ್‌ನಲ್ಲಿ ಮಲಗಿದರೆ 2,700 ಮೀಟರ್‌ಗಿಂತ ಕಡಿಮೆ. ರಜೆ ಕಡಿಮೆಯಿದ್ದರೆ ವಿಮಾನವೇ ಇರಲಿ, ಆದರೆ ಇಳಿದ ಮೇಲೆ ಎರಡು ದಿನ ಹಾಸಿಗೆ, ನೀರು, ಗೋಡೆಯ ನೋಟ. ಮೊದಲ ದಿನವೇ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿ ಫೋಟೋ ಹಾಕುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ನಿಮ್ಮ ತಂಡದ ವೇಳಾಪಟ್ಟಿಯನ್ನು ಈ ಲೆಕ್ಕಕ್ಕೆ ಹಿಡಿದು ನೋಡಿ. ದಿನ ಉಳಿಸಿದ ತಂಡ ಹಣ ಉಳಿಸಿದೆ, ನಿಮ್ಮ ತಲೆಯನ್ನು ಅಲ್ಲ.

ನಿವೃತ್ತ ಮೇಷ್ಟ್ರು | ಏಪ್ರಿಲ್ 11, ಬೆಳಿಗ್ಗೆ 5:50

ಕರ್ಪೂರದ ಮಾತು ಬಿಡೋಣ. ಆದರೆ ಇಷ್ಟೆಲ್ಲ ಕಷ್ಟಪಟ್ಟು ಹೋಗುವುದೇಕೆ? 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರ ತಾಲ್‌ಗೆ ಹೋಗಿದ್ದ ನಮ್ಮ ರಾಜ್ಯದವರು ಒಂಬತ್ತು ಜನ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರಲ್ಲ. ಅದು ಶಿಖರವೂ ಆಗಿರಲಿಲ್ಲ, ಚಾರಣ. ಅವರೊಂದಿಗೂ ಮಾರ್ಗದರ್ಶಕರು ಇದ್ದರು.

ಬೀದರ್ ಗಾಳಿ | 7:15

ಏಕೆ ಎಂದರೆ ಉತ್ತರವಿಲ್ಲ ಮೇಷ್ಟ್ರೇ. ನಮ್ಮ ಪಕ್ಕದ ನಿಜಾಮಾಬಾದ್ ಜಿಲ್ಲೆಯ ಮಾಲಾವತ್ ಪೂರ್ಣಾ 2014ರ ಮೇ 25ರಂದು ಎವರೆಸ್ಟ್ ಏರಿದಾಗ ಹದಿನಾಲ್ಕು ಕೂಡ ತುಂಬಿರಲಿಲ್ಲ. ಹುಡುಗಿ ಬಂಡೆ ಹತ್ತಲು ಕಲಿತದ್ದು ಹೈದರಾಬಾದ್ ಹತ್ತಿರದ ಭುವನಗಿರಿಯಲ್ಲಿ. ಆ ಸುದ್ದಿ ಓದಿದ ದಿನ ನಾನು ಬೀದರ್ ಕೋಟೆಯ ಗೋಡೆ ನೋಡುತ್ತ ಬಹಳ ಹೊತ್ತು ಕೂತಿದ್ದೆ. ಅಷ್ಟೇ ಗೊತ್ತು.

ಮಂಜುಗತ್ತಿ | 8:20

ಮೇಷ್ಟ್ರು ಸರಿಯಾದ ಕಡೆಗೇ ಬೆರಳು ಇಟ್ಟಿದ್ದಾರೆ. ಹಿಂದಿರುಗಿದ ಶಿಖರದ ಕಥೆ ಈಗ ಹೇಳುತ್ತೇನೆ.

ರಾತ್ರಿ ಹನ್ನೆರಡಕ್ಕೆ ಹೊರಟೆವು. ಐದು ಜನ, ಇಬ್ಬರು ಮಾರ್ಗದರ್ಶಕರು. ನನ್ನ ಹಗ್ಗದಲ್ಲಿ ಹಿಂದಿದ್ದವನು ತಂಡದಲ್ಲೇ ಗಟ್ಟಿಗ, ಪೊಲೀಸ್ ತರಬೇತಿ ಪಡೆದವನು. ನಾಲ್ಕೂವರೆ ಹೊತ್ತಿಗೆ ನೀರು ಕುಡಿಯಲು ನಿಂತೆವು. ಅವನು ಗವಸು ಬಿಚ್ಚಿ, ಮತ್ತೆ ಹಾಕಿಕೊಳ್ಳುವಾಗ ಬಲಗೈಯದನ್ನು ಎಡಗೈಗೆ ತುರುಕುತ್ತಿದ್ದ. ಒಂದು ಸಲ, ಎರಡು ಸಲ, ಐದು ಸಲ. ಹೆಬ್ಬೆರಳು ಕಿರುಬೆರಳಿನ ಕಡೆಗೆ ಜೋತು ಬಿದ್ದಿತ್ತು, ಅವನು ಅದನ್ನೇ ನೋಡಿ ನಗುತ್ತಿದ್ದ. ನಾನೂ ನಕ್ಕೆ. ಮಾರ್ಗದರ್ಶಕ ನಗಲಿಲ್ಲ. ದೀಪವನ್ನು ಹಿಮದ ಮೇಲೆ ಬಿಟ್ಟು, "ಹಿಮ್ಮಡಿಗೆ ಬೆರಳು ತಾಗಿಸಿ ಈ ಗೆರೆಯಲ್ಲಿ ಹತ್ತು ಹೆಜ್ಜೆ ನಡೆ" ಎಂದ. ಮೂರನೆಯ ಹೆಜ್ಜೆಗೆ ಕುಡಿದವನಂತೆ ಪಕ್ಕಕ್ಕೆ ವಾಲಿದ.

ಮಿದುಳು ಊದಿಕೊಳ್ಳುವ ಲಕ್ಷಣ ಅದು. ಅಲ್ಲಿಂದಲೇ ಇಳಿದೆವು. ಶಿಖರ ಕಾಣುತ್ತಿತ್ತು, ಎರಡು ಗಂಟೆಯ ದಾರಿ. ಆ ಮಾರ್ಗದರ್ಶಕನನ್ನು ಇಳಿಯುವವರೆಗೂ ಮನಸ್ಸಿನಲ್ಲಿ ಬೈದುಕೊಂಡೆ, ಸುಳ್ಳು ಹೇಳುವುದೇಕೆ. ಎಂಟುನೂರು ಮೀಟರ್ ಇಳಿದ ಮೇಲೆ ನನ್ನ ಜೊತೆಗಾರ "ನಾವು ಯಾವಾಗ ಹಿಂದೆ ತಿರುಗಿದೆವು?" ಎಂದು ಕೇಳಿದ. ಅವನಿಗೆ ಏನೂ ನೆನಪಿರಲಿಲ್ಲ.

ಆದ್ದರಿಂದ ನಿಮ್ಮ ತಂಡದವರಿಗೆ ಇವತ್ತೇ ಫೋನ್ ಮಾಡಿ ಕೇಳಿ: ಒಬ್ಬ ಮಾರ್ಗದರ್ಶಕನಿಗೆ ಎಷ್ಟು ಜನ? ಶಿಖರದ ರಾತ್ರಿ ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗುತ್ತೀರಿ? ಹವೆ ಕೆಟ್ಟರೆ ಕಾಯಲು ಹೆಚ್ಚುವರಿ ದಿನ ಇದೆಯೇ? ಒಬ್ಬನಿಗೆ ಹುಷಾರಿಲ್ಲದಿದ್ದರೆ ಅವನೊಂದಿಗೆ ಯಾರು ಇಳಿಯುತ್ತಾರೆ? ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಅನುಮತಿ ಪಡೆದಿದ್ದೀರಾ? ವಿಮೆಯ ಕಾಗದವನ್ನೂ ಓದಿ. ಎಷ್ಟೋ ಪಾಲಿಸಿಗಳು ಒಂದು ಎತ್ತರದ ಮೇಲೆ, ಅಥವಾ ಹಗ್ಗ ಮುಟ್ಟಿದ ಕ್ಷಣದಿಂದ ಕೈ ತೊಳೆದುಕೊಳ್ಳುತ್ತವೆ.

ಗುಳಿಗೆ ಡಬ್ಬಿ | 8:55

ಗವಸಿನ ಈ ಕಥೆಯನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಅಭ್ಯಂತರವಿಲ್ಲ ತಾನೇ? ಒಂದು ಮಾತು ಸೇರಿಸುತ್ತೇನೆ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ಎದೆಯಲ್ಲಿ ಗೊರಗೊರ ಎಂದರೆ ಅದು ಶ್ವಾಸಕೋಶದಲ್ಲಿ ನೀರು. ಅದಕ್ಕೂ ಮದ್ದು ಅದೇ, ಕೆಳಗಿಳಿಯುವುದು. ಬೆಳಗಾಗಲಿ ಎಂದು ಕಾಯಬಾರದು.

ಬಿಸಿಲೂರಿನವ | ಜೂನ್ 14, ಸಂಜೆ 6:40

ಎರಡು ತಿಂಗಳಾಯಿತು, ವರದಿ ಒಪ್ಪಿಸುತ್ತಿದ್ದೇನೆ.

ಮೆಟ್ಟಿಲಿನ ಅಭ್ಯಾಸಕ್ಕೆ ಚೀಲದಲ್ಲಿ ಹತ್ತು ಕಿಲೋ ತೊಗರಿ ಬೇಳೆ ತುಂಬಿಕೊಂಡಿದ್ದೆ. ಮೂರನೆಯ ವಾರ, ಮೂರನೆಯ ಮಹಡಿಯಲ್ಲಿ ಒಳಗಿನ ಪ್ಲಾಸ್ಟಿಕ್ ಹರಿದು, ಚೀಲದ ಹೊಲಿಗೆಯಿಂದ ಬೇಳೆ ಸುರಿಯಲು ಶುರುವಾಯಿತು. ನನಗೆ ಗೊತ್ತೇ ಆಗಲಿಲ್ಲ. ಮೇಲೆ ಹೋಗಿ ತಿರುಗಿ ನೋಡಿದರೆ ಮೆಟ್ಟಿಲ ತುಂಬ ಹಳದಿ ಗೆರೆ. ಕೆಳಮನೆಯ ಅಜ್ಜಿ ಮೊರ ಹಿಡಿದು ಬಂದು ಅರ್ಧ ಗುಡಿಸಿಕೊಂಡರು, ಅರ್ಧ ಇರುವೆಗಳ ಪಾಲು. ಅಂದಿನಿಂದ ನೀರಿನ ಕ್ಯಾನು. ಮೇಲೆ ಹೊತ್ತು ಒಯ್ದು, ತಾರಸಿಯ ಕುಂಡಗಳಿಗೆ, ಹಕ್ಕಿಗಳ ಬಟ್ಟಲಿಗೆ ಸುರಿದು, ಖಾಲಿ ಚೀಲದಲ್ಲಿ ಇಳಿಯುತ್ತೇನೆ. ಮಂಡಿಗೂ ಹಗುರ. ಮೇ ತಿಂಗಳಿಡೀ ನಮ್ಮ ತಾರಸಿಯ ತುಳಸಿ ಒಣಗಲಿಲ್ಲ. ಯಾದಗಿರಿ ಕೋಟೆಗೆ ನಾಲ್ಕು ಭಾನುವಾರ ಹೋಗಿ ಬಂದೆ. ಅಜ್ಜಿ ನನ್ನನ್ನೂ ಕೇಳಿದರು. "ಮಲ್ಲಯ್ಯನಿಗೆ" ಎಂದುಬಿಟ್ಟೆ.

ಮಂಜುಗತ್ತಿಯವರ ಪ್ರಶ್ನೆಗಳನ್ನು ತಂಡದವರಿಗೆ ಕೇಳಿದೆ. ಹಿಂದಿರುಗುವ ಹೊತ್ತು ಎಷ್ಟು ಎಂದರೆ "ಸರ್, ನಮ್ಮದು ಶಿಖರ ಗ್ಯಾರಂಟಿ" ಎಂದರು. ಹೆಚ್ಚುವರಿ ದಿನ ಇಲ್ಲ. ಒಬ್ಬ ಮಾರ್ಗದರ್ಶಕನಿಗೆ ಎಂಟು ಜನ. ಮುಂಗಡದಲ್ಲಿ ಅರ್ಧ ಮುಳುಗಿತು, ಹೋಗಲಿ. ಈಗ ಬೇರೆ ತಂಡ, ಇಬ್ಬರಿಗೊಬ್ಬರು, ಎರಡು ದಿನ ಹೆಚ್ಚು. ಫ್ರೆಂಡ್‌ಶಿಪ್ ಶಿಖರಕ್ಕೇ ಹೋಗುತ್ತಿದ್ದೇನೆ, ಸೆಪ್ಟೆಂಬರ್‌ನಲ್ಲಿ. ಮಂಜುಗತ್ತಿಯವರು ಗೆದ್ದರು.

ಮಂಜುಗತ್ತಿ | 6:52

ಆರು ಸಾವಿರ ಎಲ್ಲಿಯೂ ಓಡಿಹೋಗುವುದಿಲ್ಲ. ಹಿಮ್ಮಡಿ ಬೆರಳು ಮರೆಯಬೇಡಿ.

ಖಡಕ್ ರೊಟ್ಟಿ | 6:55

ಮನೆಯಲ್ಲಿ ಹೇಳಿದಿರಾ? ಅದು ಹೇಳಿ ಮೊದಲು.

ಬಿಸಿಲೂರಿನವ | 7:10

ಹೇಳಿದೆ. ಅಪ್ಪ ಪತ್ರಿಕೆ ಕೆಳಗಿಟ್ಟು ಕೇಳಿದರು, "ಮೇಲೆ ಗುಡಿ ಇದೆಯೇ?" ಇಲ್ಲ ಎಂದೆ. "ಬೇರೆ ಏನಿದೆ?" ಏನೂ ಇಲ್ಲ, ಹಿಮ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅರ್ಧದಿಂದ ಬಂದರೂ ದೋಷವಿಲ್ಲ" ಎಂದು ಮತ್ತೆ ಪತ್ರಿಕೆ ಎತ್ತಿಕೊಂಡರು.

ನಿವೃತ್ತ ಮೇಷ್ಟ್ರು | 7:31

ನಿಮ್ಮ ತಂದೆಯವರನ್ನು ಒಮ್ಮೆ ನೋಡಬೇಕು.

ಬೀದರ್ ಗಾಳಿ | 7:45

ರೊಟ್ಟಿ ಎಷ್ಟು ಬೇಕು? ಅಮ್ಮನಿಗೆ ಹೇಳಿ ಕಟ್ಟಿಸುತ್ತೇನೆ, ಬೀದರ್–ಕಲಬುರಗಿ ರೈಲಿನಲ್ಲಿ ಕಳುಹಿಸಿಕೊಡುತ್ತೇನೆ.

ತೊಗರಿ ಕಣಜ | 7:46

ಕಲಬುರಗಿಯವನು ಬೀದರಿನ ರೊಟ್ಟಿ ಒಯ್ಯುವುದೇ? ನಾನು ಬದುಕಿರುವಾಗ?

ಬಿಸಿಲೂರಿನವ | 7:58

ಇಬ್ಬರೂ ಹತ್ತತ್ತು ಕಟ್ಟಿ. ಹಿಂಡಿ ಬೇರೆ ಡಬ್ಬಿಯಲ್ಲಿರಲಿ, ಎಣ್ಣೆ ಸೋರಿದರೆ ಮಲಗುಚೀಲ ಬಾಡಿಗೆಯದು.